ಸಭೆ ಮುಗಿಯಿತು, ಊರಿಗೇನು ಸುದ್ದಿ?

ಶಿರಾ ಪಟ್ಟಣದಿಂದ ಬುಕ್ಕಾಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ದಾರಿಯುದ್ದಕ್ಕೂ ಕಾಣುವುದು ಕುರುಚಲು ಕಾಡಿನ ಗುಡ್ಡಗಳು, ಕಡಲೆಕಾಯಿಯ ಹೊಲಗಳು, ಕುರಿಯ ಮಂದೆಗಳು ಮತ್ತು ನೀರಿಗಿಂತ ಜಾಲಿಯೇ ಹೆಚ್ಚಾಗಿ ಬೆಳೆದ ಕೆರೆಯ ಅಂಗಳಗಳು. ತುಮಕೂರು ಜಿಲ್ಲೆಯ ಉತ್ತರಭಾಗದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮುಗಿಲನ್ನು ನೋಡುವುದು ಕವಿಗಳ ಕೆಲಸವಲ್ಲ. ಮನೆಯ ಯಜಮಾನನ ಕೆಲಸ. ಮಳೆ ಬಂದಿತೇ ಎಂಬುದು ಇಲ್ಲಿಯ ಜನರ ಮೊದಲನೆಯ ಪ್ರಶ್ನೆ. ಬಾರದೆ ಹೋದಾಗ ಸರ್ಕಾರ ಏನು ಮಾಡಿತು ಎಂಬುದು ಎರಡನೆಯದು.

ಈ ಎರಡನೆಯ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಬುಕ್ಕಾಪಟ್ಟಣದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕುಳಿತಿದ್ದ ಒಬ್ಬ ವೃದ್ಧರು. ಬೆಳಗಾವಿಯ ಅಧಿವೇಶನ ಮುಗಿದ ವಾರ. ಪತ್ರಿಕೆ ನನ್ನ ಕೈಯಲ್ಲಿತ್ತು. ಚಹದ ಲೋಟವನ್ನು ಕೆಳಗಿಟ್ಟು ಅವರು ಕೇಳಿದರು:

"ಏನ್ ಮೇಷ್ಟ್ರೇ, ಸಭೆ ಮುಗೀತಂತೆ. ನಮ್ಮೂರ ಮಾತು ಏನಾದ್ರೂ ಬಂತಾ ಅದರಾಗೆ?"

ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಸಭಾತ್ಯಾಗದ ಸುದ್ದಿ ಇತ್ತು. ಯಾರು ಯಾರನ್ನು ಏನೆಂದು ಹಂಗಿಸಿದರೆಂಬ ವಿವರ ಇತ್ತು. ಗದ್ದಲದ ಚಿತ್ರವೂ ಇತ್ತು. ಬುಕ್ಕಾಪಟ್ಟಣದ ಹೆಸರು ಮಾತ್ರ ಇರಲಿಲ್ಲ. "ಇದರಲ್ಲಿ ಇಲ್ಲ, ಯಜಮಾನರೇ" ಎಂದೆ.

"ಪೇಪರ್‌ನಾಗೆ ಇಲ್ಲ ಅಂದ್ರೆ ಸಭೇಲೂ ಬರಲಿಲ್ಲ ಅಂತಲೋ, ಇಲ್ಲಾ ಬಂದದ್ದು ನಮಗೆ ಗೊತ್ತಾಗಲಿಲ್ಲ ಅಂತಲೋ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಶಾಸಕರು ಸಭೆಯಲ್ಲಿ ಆಡಿದ ಮಾತು ಒಂದು. ಅದು ಊರಿಗೆ ಬಂದು ಮುಟ್ಟುವುದು ಮತ್ತೊಂದು. ಎರಡೂ ಸೇರಿದಾಗ ಮಾತ್ರವೇ ಪ್ರಾತಿನಿಧ್ಯವೆಂಬುದು ಪೂರ್ಣವಾಗುತ್ತದೆ. ಈ ವಿಚಾರ ಹೊಸದೇನೂ ಅಲ್ಲ. ನಮ್ಮ ನಾಡಿನಲ್ಲಿ ಪ್ರತಿನಿಧಿಗಳ ಸಭೆ ಹುಟ್ಟಿದ್ದೇ ಈ ಎರಡನೆಯ ಕೆಲಸಕ್ಕಾಗಿ ಎಂದರೆ ಓದುಗರಿಗೆ ಸೋಜಿಗವಾಗಬಹುದು.

ದಸರೆಯ ಸಭೆ

1881ನೆಯ ಇಸವಿ ಮಾರ್ಚ್ 25ರಂದು ಮೈಸೂರು ಸಂಸ್ಥಾನವು ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ ಮಹಾರಾಜ ಚಾಮರಾಜೇಂದ್ರ ಒಡೆಯರ ವಶಕ್ಕೆ ಹಿಂದಿರುಗಿತು. ಆಗ ದಿವಾನರಾದವರು ಸಿ. ರಂಗಾಚಾರ್ಲು. ಅವರ ಕೈಗೆ ಬಂದ ನಾಡು ಎಂಥದು? 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಬೆಂದು ಬಸವಳಿದ ನಾಡು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಬೊಕ್ಕಸದ ಮೇಲೆ ಬರಗಾಲದ ಸಾಲವೇ 80 ಲಕ್ಷ ರೂಪಾಯಿ ಕುಳಿತಿತ್ತು.

ಇಂಥ ಸಮಯದಲ್ಲಿ, ಅದೇ ವರ್ಷದ ಆಗಸ್ಟ್ 25ರಂದು, ರಂಗಾಚಾರ್ಲು ಅವರ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಸರ್ಕಾರ ಕೈಗೊಳ್ಳುವ ಕಾರ್ಯಗಳ ಉದ್ದೇಶವನ್ನು, ಯಾರ ಹಿತಕ್ಕಾಗಿ ಅವು ನಡೆಯುತ್ತವೆಯೋ ಆ ಜನರು ಚೆನ್ನಾಗಿ ತಿಳಿಯಬೇಕು. ಅದಕ್ಕಾಗಿ ವರ್ಷಕ್ಕೊಮ್ಮೆ ದಸರೆಯ ಸಮಯದಲ್ಲಿ ನಾಡಿನ ಪ್ರಮುಖ ರೈತರೂ ವರ್ತಕರೂ ಮೈಸೂರಿನಲ್ಲಿ ಸೇರಬೇಕು. ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಯೋಜನೆಯನ್ನೂ ದಿವಾನರು ಅವರ ಮುಂದಿಡುವರು. ಇದು ಆ ಆಜ್ಞೆಯ ಸಾರ. ಪ್ರತಿ ತಾಲ್ಲೂಕಿನಿಂದ ಭೂಮಿಯುಳ್ಳ, ಲೋಕಜ್ಞಾನವಿರುವ, ಜನರಲ್ಲಿ ಮಾತು ನಡೆಯುವ ಒಬ್ಬಿಬ್ಬರು ರೈತರು. ಜಿಲ್ಲೆಗೆ ಮೂರು ನಾಲ್ವರು ವರ್ತಕರು. ಹೀಗೆ ಆರಿಸಿದ 144 ಮಂದಿ ಅಕ್ಟೋಬರ್ 7ರಂದು ಮೊದಲ ಸಲ ಸಭೆ ಸೇರಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಶಿರಾ ಸೀಮೆಯಿಂದ ಆಗ ಮೈಸೂರಿಗೆ ಹೋಗಿಬರುವುದೆಂದರೆ ಸುಲಭದ ಮಾತಲ್ಲ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದು 1884ರಲ್ಲಿ. ಬೆಂಗಳೂರಿನಿಂದ ಹೊರಟ ರೈಲುದಾರಿಯೇ ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಆದುದರಿಂದ ಮೊದಲ ಸಭೆಗೆ ಹೊರಟ ನಮ್ಮ ಕಡೆಯ ರೈತರು ನೂರು ಮೈಲಿಗೂ ಮೀರಿದ ದಾರಿಯ ಬಹುಭಾಗವನ್ನು ಗಾಡಿಯಲ್ಲಿಯೇ ಕಳೆದಿರಬೇಕು. ಬುತ್ತಿ ಕಟ್ಟಿಕೊಂಡು, ಛತ್ರಗಳಲ್ಲಿ ತಂಗಿ, ದಿನಗಟ್ಟಲೆ ಪಯಣಿಸಿ ಹೋದವರು ಹಿಂದಿರುಗಿ ಬಂದಾಗ ಊರಿನ ಜಗಲಿಯ ಮೇಲೆ ಸುತ್ತ ಕುಳಿತವರು ಕೇಳಿರಬಹುದಾದ ಮಾತನ್ನು ಊಹಿಸುವುದು ಕಷ್ಟವಲ್ಲ. ಹೋಟೆಲಿನ ಆ ವೃದ್ಧರು ಕೇಳಿದುದೂ ಅದನ್ನೇ ತಾನೆ?

ಆ ಸಭೆಗೆ ಅಧಿಕಾರವೆಂಬುದು ಮೊದಲಲ್ಲಿ ಇರಲಿಲ್ಲ. ಅದು ಕಾನೂನು ಮಾಡುವಂತಿರಲಿಲ್ಲ, ಆಯವ್ಯಯವನ್ನು ತಿರಸ್ಕರಿಸುವಂತಿರಲಿಲ್ಲ. ಸದಸ್ಯರನ್ನು ಜನರು ಚುನಾಯಿಸಿಯೂ ಇರಲಿಲ್ಲ. ಸೀಮಿತವಾದ ಚುನಾವಣೆ ಬಂದುದು 1891ರಲ್ಲಿ. ಸಭೆಗೆ ಶಾಸನದ ಆಧಾರ ದೊರೆತು, ಸ್ತ್ರೀಯರಿಗೂ ಮತದ ಹಕ್ಕು ಬಂದುದು 1923ರಲ್ಲಿ. ಅಷ್ಟಾದರೂ ಆ ಸಭೆಗೆ ಒಂದು ಗುಣವಿತ್ತು. ದಿವಾನರು ತಮ್ಮ ಭಾಷಣದಲ್ಲಿ ವರ್ಷದ ಜಮೆ ಎಷ್ಟು, ಖರ್ಚು ಎಷ್ಟು, ಮಳೆಬೆಳೆ ಹೇಗಾಯಿತು, ಕೆರೆ ರಸ್ತೆಗಳಿಗೆ ಏನು ಮಾಡಿದೆವು ಎಂಬುದನ್ನು ಒಪ್ಪಿಸುತ್ತಿದ್ದರು. ಸದಸ್ಯರು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುತ್ತಿದ್ದರು. ಕೇಳಿಕೆಯೂ ಉತ್ತರವೂ ಅಚ್ಚಾಗಿ ಪುಸ್ತಕವಾಗುತ್ತಿತ್ತು. ಹೇಳಿದ ಮಾತು ಕಾಗದದ ಮೇಲೆ ನಿಂತುಬಿಟ್ಟರೆ ಮರುವರ್ಷ ಅದನ್ನು ತೋರಿಸಿ ಕೇಳುವುದಕ್ಕೆ ಬರುತ್ತದೆಯಷ್ಟೆ! ಮುಂದೆ ಮಹಾರಾಜರ ವರ್ಧಂತಿಯ ಕಾಲದಲ್ಲಿಯೂ ಒಂದು ಅಧಿವೇಶನ ಸೇರುವ ಪದ್ಧತಿ ಬಂದಿತು. 1949ರಲ್ಲಿ ಆ ಸಭೆಯ ಬಾಳು ಮುಗಿಯಿತು.

ಒಬ್ಬರ ಬೆನ್ನಿಗೆ ಎಷ್ಟು ಜನ?

1952ರಲ್ಲಿ ವಯಸ್ಕರೆಲ್ಲರ ಮತದಿಂದ ಆರಿಸಿದ ಮೊದಲ ವಿಧಾನಸಭೆ ಬಂದಾಗ ಅದರ ಸ್ಥಾನಗಳು 99. ಇಂದು ಕರ್ನಾಟಕದ ವಿಧಾನಸಭೆಯ ಚುನಾಯಿತ ಸದಸ್ಯರು 224. ಸಂಖ್ಯೆ ಹೆಚ್ಚಿತೆಂದು ಸಂತೋಷಪಡುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

1881ರಲ್ಲಿ ಸುಮಾರು 42 ಲಕ್ಷ ಜನಕ್ಕೆ 144 ಪ್ರತಿನಿಧಿಗಳು. ಎಂದರೆ ಸುಮಾರು 29 ಸಾವಿರ ಜನಕ್ಕೆ ಒಬ್ಬರು. 1951ರ ಗಣತಿಯಂತೆ ಮೈಸೂರು ರಾಜ್ಯದ ಜನ ಸುಮಾರು 91 ಲಕ್ಷ. 99 ಶಾಸಕರಿಗೆ ಹಂಚಿದರೆ ತಲಾ 92 ಸಾವಿರದಷ್ಟು. 2011ರ ಗಣತಿಯ 6 ಕೋಟಿ 11 ಲಕ್ಷ ಜನರನ್ನು 224ರಿಂದ ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ 2 ಲಕ್ಷ 73 ಸಾವಿರ ಜನ ಬರುತ್ತಾರೆ.

ಮೊದಲಿನವರನ್ನು ಜನರು ಆರಿಸಿರಲಿಲ್ಲ, ಇಂದಿನವರನ್ನು ಜನರೇ ಆರಿಸುತ್ತಾರೆ. ಈ ವ್ಯತ್ಯಾಸ ಬೆಟ್ಟದಷ್ಟು ದೊಡ್ಡದು, ಅದನ್ನು ಮರೆಯಬಾರದು. ಆದರೆ ಮೂರು ಲಕ್ಷದ ಹತ್ತಿರದ ಜನಸ್ತೋಮಕ್ಕೆ ಒಬ್ಬ ವ್ಯಕ್ತಿ ಜಗಲಿಯ ಮೇಲೆ ಕುಳಿತು ಸಮಾಚಾರ ಹೇಳುವುದು ಆಗದ ಮಾತು. ವರದಿ ಒಪ್ಪಿಸುವುದಕ್ಕೆ ಬೇರೆ ಏರ್ಪಾಡು ಬೇಕಾಗುತ್ತದೆ.

ಬುಕ್ಕಾಪಟ್ಟಣದವರಿಗೆ ಮತ್ತೊಂದು ತೊಡಕೂ ಇದೆ. ಊರು ಶಿರಾ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಪಹಣಿ, ಖಾತೆ, ಕಂದಾಯದ ಕೆಲಸಗಳಿಗೆ ಶಿರಾಕ್ಕೆ ಹೋಗಬೇಕು. ಆದರೆ 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಈ ಹೋಬಳಿ ಚಿಕ್ಕನಾಯಕನಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. ಶಿರಾ ಕ್ಷೇತ್ರ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿದ್ದರೆ ಚಿಕ್ಕನಾಯಕನಹಳ್ಳಿ ತುಮಕೂರು ಲೋಕಸಭಾ ಕ್ಷೇತ್ರದಲ್ಲಿದೆ. ಹೀಗೆ ತಾಲ್ಲೂಕು ಕಚೇರಿ ಒಂದು ಕಡೆ, ಶಾಸಕರು ಇನ್ನೊಂದು ಕಡೆ. ತವರು ಒಂದೂರು, ಗಂಡನ ಮನೆ ಒಂದೂರು ಆದ ಹೆಣ್ಣಿಗೆ ಎರಡು ಕಡೆಯೂ ಅಕ್ಕರೆ ಸಿಗಬಹುದು. ಎರಡು ಕಡೆಯೂ "ಅವರು ನೋಡಿಕೊಳ್ಳುತ್ತಾರೆ" ಎಂಬ ಮಾತೇ ಸಿಗಲೂಬಹುದು. ಇಂಥ ಊರಿಗೆ ಅಧಿವೇಶನದ ತರುವಾಯದ ವರದಿ ಉಳಿದ ಊರುಗಳಿಗಿಂತ ಹೆಚ್ಚು ಅಗತ್ಯ.

ಬ್ರಿಸ್ಟಲ್ ನಗರದ ಪಾಠ

ಚುನಾಯಿತ ಪ್ರತಿನಿಧಿ ಮತದಾರರಿಗೆ ಏನನ್ನು ಒಪ್ಪಿಸಬೇಕು ಎಂಬ ಚರ್ಚೆ ಬಂದಾಗ ಇಂಗ್ಲೆಂಡಿನ ಎಡ್ಮಂಡ್ ಬರ್ಕನ ಹೆಸರು ಬಾರದೆ ಇರದು. 1774ರ ನವೆಂಬರಿನಲ್ಲಿ ಬ್ರಿಸ್ಟಲ್ ನಗರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ದಿನವೇ ಆತ ತನ್ನ ಮತದಾರರಿಗೆ ಒಂದು ಕಠಿಣವಾದ ಮಾತನ್ನು ಹೇಳಿದ. ಪ್ರತಿನಿಧಿಯು ಜನರಿಗೆ ತನ್ನ ಶ್ರಮವನ್ನು ಮಾತ್ರವಲ್ಲ, ತನ್ನ ವಿವೇಕವನ್ನೂ ಸಲ್ಲಿಸಬೇಕು. ಜನರ ಅಭಿಪ್ರಾಯಕ್ಕೆ ಆ ವಿವೇಕವನ್ನು ಬಲಿಗೊಟ್ಟರೆ ಅದು ಸೇವೆಯಲ್ಲ, ವಂಚನೆ ಎಂಬುದು ಅದರ ತಾತ್ಪರ್ಯ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಇದನ್ನು ಓದುತ್ತಾರೆ.

ಆದರೆ ಕಥೆಯ ಉತ್ತರಾರ್ಧವನ್ನು ಓದುವವರು ಕಡಿಮೆ. ಆರು ವರ್ಷಗಳ ಬಳಿಕ, 1780ರ ಸೆಪ್ಟೆಂಬರಿನಲ್ಲಿ, ಬರ್ಕ್ ಮತ್ತೆ ಬ್ರಿಸ್ಟಲಿನ ಗಿಲ್ಡ್‌ಹಾಲಿನಲ್ಲಿ ನಿಂತ. ಐರ್ಲೆಂಡಿನ ವ್ಯಾಪಾರಕ್ಕೆ ಅನುಕೂಲ ಮಾಡಿದೆ, ಸಾಲಗಾರರ ಸೆರೆಯ ಕಾನೂನನ್ನು ಸಡಿಲಿಸಲು ಬೆಂಬಲಿಸಿದೆ, ಕ್ಯಾಥೊಲಿಕರ ಪರ ನಿಂತೆ ಎಂಬ ಆಪಾದನೆಗಳು ಅವನ ಮೇಲಿದ್ದುವು. ಅವುಗಳಿಗೆ ಆತ ಎದೆಗುಂದದೆ ಸಮಾಧಾನ ಹೇಳಿದ. ಇತಿಹಾಸವೂ ಬಹುಮಟ್ಟಿಗೆ ಅವನ ಪಕ್ಷವನ್ನೇ ವಹಿಸಿದೆ. ಆದರೆ ಅವನು ಮೊದಲು ಉತ್ತರಿಸಬೇಕಾಗಿ ಬಂದ ಆಕ್ಷೇಪಣೆ ಬಹಳ ಸಾಮಾನ್ಯವಾದುದು: "ನೀನು ನಮ್ಮ ಊರಿಗೆ ಬರಲೇ ಇಲ್ಲ!" ಬರ್ಕ್ ಆ ಚುನಾವಣೆಯ ಕಣದಿಂದ ಹಿಂದೆ ಸರಿಯಬೇಕಾಯಿತು.

ಎಂಥ ಮೇಧಾವಿಯೇ ಆಗಲಿ, ಎಷ್ಟೇ ನ್ಯಾಯವಾದ ಮತ ಕೊಟ್ಟಿರಲಿ, ಅದಕ್ಕೆ ಕಾರಣವನ್ನು ಕಾಲಕಾಲಕ್ಕೆ ಬಂದು ಹೇಳದಿದ್ದರೆ ಜನರು ತಮ್ಮನ್ನು ತಾತ್ಸಾರ ಮಾಡಿದರೆಂದೇ ತಿಳಿಯುತ್ತಾರೆ. ವಿವೇಕಕ್ಕೆ ಸ್ವಾತಂತ್ರ್ಯ ಬೇಕೆನ್ನುವವನು ವಿವರಣೆಯ ಹೊಣೆಯನ್ನೂ ಹೊರಬೇಕು.

ವರದಿಯಲ್ಲಿ ಏನಿರಬೇಕು?

ಅಧಿವೇಶನದ ತರುವಾಯ ಮತದಾರರಿಗೆ ವರದಿ ಒಪ್ಪಿಸಲೇಬೇಕೆಂದು ಶಾಸಕರನ್ನು ಕಟ್ಟುಪಾಡಿಗೆ ಒಳಪಡಿಸುವ ಕಾನೂನು ನಮ್ಮಲ್ಲಿಲ್ಲ. ಕೆಲವು ಶಾಸಕರು ಕರಪತ್ರ ಅಚ್ಚು ಹಾಕಿಸುತ್ತಾರೆ; ಕೆಲವರು ಪತ್ರಕರ್ತರನ್ನು ಕರೆದು ಮಾತನಾಡುತ್ತಾರೆ; ಕೆಲವರು ದೂರವಾಣಿಯ ಪರದೆಯ ಮೇಲೆ ತಮ್ಮ ಭಾಷಣದ ತುಣುಕನ್ನು ಕಳಿಸುತ್ತಾರೆ. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಭಾವಚಿತ್ರ, ಮಂಜೂರಾದ ಹಣದ ಪಟ್ಟಿ, ಶಂಕುಸ್ಥಾಪನೆಯ ತಾರೀಖು. ರಸ್ತೆ, ಸಮುದಾಯ ಭವನಗಳ ವಿಷಯ ಬೇಡವೆಂದಲ್ಲ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಉಂಟು. ಅದರ ಲೆಕ್ಕ ಜನರಿಗೆ ತಿಳಿಯಲೇಬೇಕು. ಆದರೆ ಶಾಸಕರ ಮುಖ್ಯ ಕೆಲಸ ಗುತ್ತಿಗೆದಾರರ ಮೇಲುಸ್ತುವಾರಿಯಲ್ಲ. ಶಾಸನ ಮಾಡುವುದು, ಸರ್ಕಾರವನ್ನು ಪ್ರಶ್ನಿಸುವುದು, ಬೊಕ್ಕಸದ ಹಣಕ್ಕೆ ಒಪ್ಪಿಗೆ ಕೊಡುವುದು. ಈ ಮೂರರ ವರದಿ ಬಂದರೆ ಮಾತ್ರ ವರದಿ ಬಂದಂತೆ.

ಮೊದಲನೆಯದಾಗಿ, ಸಭೆ ಎಷ್ಟು ದಿನ ಕೂಡಿತು, ತಾವು ಎಷ್ಟು ದಿನ ಇದ್ದೆವು ಎಂಬುದು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರ ಇರಬಾರದೆಂದು ಸಂವಿಧಾನ ವಿಧಿಸುತ್ತದೆ. ವರ್ಷಕ್ಕೆ ಕನಿಷ್ಠ 60 ದಿನ ಸಭೆ ನಡೆಯಬೇಕೆಂದು ಕರ್ನಾಟಕವು 2005ರಲ್ಲಿ ತಾನೇ ಒಂದು ಕಾನೂನು ಮಾಡಿಕೊಂಡಿತು. ಅನೇಕ ವರ್ಷಗಳಲ್ಲಿ ಸಭೆ ಆ ಸಂಖ್ಯೆಯನ್ನು ಮುಟ್ಟಲಿಲ್ಲ. ಶಾಲೆಗೆ ಹೋಗುವ ಮಗುವಿನ ಹಾಜರಿಯನ್ನು ನಾವು ತಿಂಗಳು ತಿಂಗಳು ನೋಡುತ್ತೇವೆ. ಶಾಸನಸಭೆಯ ಹಾಜರಿಯನ್ನು ಕೇಳುವ ಅಭ್ಯಾಸ ನಮಗಿಲ್ಲ.

ಎರಡನೆಯದು, ಪ್ರಶ್ನೆಗಳು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿಯೇ ಬಾಯಿಮಾತಿನ ಉತ್ತರ ಕೊಡಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರಹದ ಉತ್ತರ ಬರುತ್ತದೆ. ಇದಲ್ಲದೆ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆ ಮೊದಲಾದ ದಾರಿಗಳೂ ಉಂಟು. ಪತ್ರಿಕೆಯಲ್ಲಿ ಗದ್ದಲದ ಸುದ್ದಿ ಬಂದ ದಿನವೂ ಬರಹದ ಉತ್ತರಗಳು ಸದ್ದಿಲ್ಲದೆ ಬಂದಿರುತ್ತವೆ. ಎಷ್ಟು ಕೊಳವೆಬಾವಿ, ಎಷ್ಟು ಶಿಕ್ಷಕರ ಹುದ್ದೆ ಖಾಲಿ ಎಂಬ ಅಂಕಿಗಳು ಅವುಗಳಲ್ಲಿ ಸಿಗುತ್ತವೆ. ವೃದ್ಧರು ಕೇಳಿದ "ನಮ್ಮೂರ ಮಾತು" ಅಲ್ಲಿ ಎಲ್ಲಿಯಾದರೂ ಅಡಗಿರಬಹುದು.

ಮೂರನೆಯದು, ಭರವಸೆಗಳು. "ಪರಿಶೀಲಿಸಲಾಗುವುದು", "ಶೀಘ್ರದಲ್ಲಿಯೇ ಕ್ರಮ ಕೈಗೊಳ್ಳಲಾಗುವುದು" ಎಂಬ ಮಾತುಗಳನ್ನು ಕೇಳಿ ಕೇಳಿ ನಮಗೆ ನಗು ಬರುತ್ತದೆ. ಆದರೆ ಸಭೆಯಲ್ಲಿ ಮಂತ್ರಿಗಳು ಕೊಟ್ಟ ಭರವಸೆ ಗಾಳಿಗೆ ಹೋಗುವ ಮಾತಲ್ಲ. ಅಂಥ ಮಾತುಗಳನ್ನು ಗುರುತು ಹಾಕಿಕೊಂಡು, ಈಡೇರಿದುವೇ ಎಂದು ಬೆನ್ನು ಹತ್ತುವುದಕ್ಕೆಂದೇ ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಾಮಾನ್ಯ ಜನರ ಮನವಿಗಳನ್ನು ನೋಡಲು ಅರ್ಜಿಗಳ ಸಮಿತಿಯೂ ಇದೆ. ಇವುಗಳ ಹೆಸರನ್ನು ಕೇಳಿದವರು ನಮ್ಮ ನಗರಗಳ ವಿದ್ಯಾವಂತ ಮನೆಗಳಲ್ಲಿಯೂ ವಿರಳ. ಯಾವ ತಾರೀಖಿನಂದು, ಯಾವ ಮಂತ್ರಿಗಳು, ಯಾವ ಮಾತನ್ನು ಕೊಟ್ಟರು ಎಂದು ಶಾಸಕರು ಊರಿಗೆ ಬಂದು ಹೇಳಿದರೆ ಆ ಮಾತಿಗೆ ಊರೇ ಸಾಕ್ಷಿಯಾಗುತ್ತದೆ.

ಕೊನೆಯದಾಗಿ, ಸಿಗದಿದ್ದುದರ ವರದಿ. ಎಲ್ಲಕ್ಕಿಂತ ಕಷ್ಟವಾದುದು ಇದೇ. "ಕೇಳಿದೆ, ಆಗಲಿಲ್ಲ, ಆಗದಿದ್ದುದಕ್ಕೆ ಕಾರಣ ಇದು" ಎಂದು ಹೇಳುವ ಶಾಸಕರನ್ನು ಜನರು ಹಳಿಯುತ್ತಾರೆಂಬ ಭಯ ಇದೆ. ನನಗೇನೋ ಹಾಗೆ ತೋರದು. ಬರದ ಸೀಮೆಯ ಜನ ಇಲ್ಲವೆಂಬ ಮಾತನ್ನು ಕೇಳಿ ಬಲ್ಲವರು. ಅವರಿಗೆ ಸಹಿಸಲಾಗದುದು ಮೌನ.

ನೀರಿನ ಲೆಕ್ಕ

ಬುಕ್ಕಾಪಟ್ಟಣದ ಸುತ್ತಿನ ಎರಡು ವಿಷಯಗಳನ್ನೇ ತೆಗೆದುಕೊಳ್ಳಬಹುದು. ಮೊದಲನೆಯದು ಭದ್ರಾ ಮೇಲ್ದಂಡೆ ಯೋಜನೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ನೀರುಣಿಸುವ, 29.90 ಟಿ.ಎಂ.ಸಿ. ನೀರಿನ ಯೋಜನೆ ಇದು. ತುಮಕೂರು ಜಿಲ್ಲೆಯಲ್ಲಿ ಚಿಕ್ಕನಾಯಕನಹಳ್ಳಿ, ಶಿರಾ, ಪಾವಗಡ ತಾಲ್ಲೂಕುಗಳು ಇದರ ಆಸರೆಯನ್ನು ನೆಚ್ಚಿವೆ. 2023-24ರ ಕೇಂದ್ರ ಆಯವ್ಯಯದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣದ ಬಿಡುಗಡೆಯ ವಿಷಯ ಮುಂದಿನ ವರ್ಷಗಳಲ್ಲಿ ರಾಜ್ಯಕ್ಕೂ ಕೇಂದ್ರಕ್ಕೂ ನಡುವಣ ವಿವಾದವಾಯಿತು. ಪಕ್ಷಗಳು ಒಂದರ ಮೇಲೊಂದು ತಪ್ಪು ಹೊರಿಸುವುದು ಸಭೆಯ ರೀತಿ. ರೈತನಿಗೆ ಬೇಕಾದುದು ಆ ವಾಗ್ವಾದವಲ್ಲ. ಕಾಲುವೆ ಎಲ್ಲಿಯವರೆಗೆ ಬಂದಿದೆ, ಯಾವ ಕೆರೆ ಪಟ್ಟಿಯಲ್ಲಿದೆ, ಯಾವುದು ಇಲ್ಲ, ಈ ವರ್ಷ ಎಷ್ಟು ಹಣ ನಿಜವಾಗಿ ಖರ್ಚಾಯಿತು ಎಂಬ ನಾಲ್ಕು ಸಾಲಿನ ಉತ್ತರ ಅವನಿಗೆ ಸಾಕು. ಆ ನಾಲ್ಕು ಸಾಲನ್ನು ನಂಬಿ ಒಬ್ಬ ರೈತ ಮತ್ತೊಂದು ಕೊಳವೆಬಾವಿಗೆ ಸಾಲ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಸುದ್ದಿ ತಪ್ಪಿದರೆ ಮುಳುಗುವುದು ಒಂದು ಸಂಸಾರ.

ಎರಡನೆಯದು ಕಾಡು. 2019ರಲ್ಲಿ ಬುಕ್ಕಾಪಟ್ಟಣದ ಅರಣ್ಯವನ್ನು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 136 ಚದರ ಕಿಲೋಮೀಟರ್. ಒಣ ಸೀಮೆಯ ಆ ಪುಟ್ಟ ಜಿಂಕೆ ನಮ್ಮ ಗುಡ್ಡಗಳಲ್ಲಿ ಬಾಳುತ್ತಿರುವುದು ಈ ಊರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಕಾಡಂಚಿನಲ್ಲಿ ಕುರಿ ಮೇಯಿಸಿ ಬದುಕುವವರಿಗೆ ಧಾಮದ ಗಡಿ ಎಲ್ಲಿ, ಏನು ಮಾಡಬಹುದು, ಏನು ಕೂಡದು ಎಂಬುದು ಹೊಟ್ಟೆಪಾಡಿನ ಪ್ರಶ್ನೆ. ಇಂಥ ತೀರ್ಮಾನಗಳು ರಾಜ್ಯಪತ್ರದಲ್ಲಿ ಅಚ್ಚಾಗುತ್ತವೆ. ರಾಜ್ಯಪತ್ರವನ್ನು ಓದುವ ಕುರಿಗಾಹಿಯನ್ನು ನಾನಂತೂ ಕಂಡಿಲ್ಲ. ಅದನ್ನು ಆಡುಮಾತಿನಲ್ಲಿ ತಿಳಿಯಹೇಳುವವರು ಪ್ರತಿನಿಧಿಗಳಲ್ಲದೆ ಇನ್ನಾರು?

ಕೇಳುವವರ ಹೊಣೆ

ಇಷ್ಟೆಲ್ಲ ಬರೆದ ಮೇಲೆ ಶಾಸಕರ ಪರವಾಗಿ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಬೆಳಗಾಗುವ ಮೊದಲೇ ಅವರ ಮನೆಯ ಮುಂದೆ ಜನ ಸೇರಿರುತ್ತಾರೆ. ಒಬ್ಬರಿಗೆ ವರ್ಗಾವಣೆ ಬೇಕು, ಒಬ್ಬರಿಗೆ ಆಸ್ಪತ್ರೆಯ ಖರ್ಚು, ಒಬ್ಬರ ಮಗಳ ಮದುವೆಗೆ ಅವರೇ ಬರಬೇಕು. ಅಧಿವೇಶನದಲ್ಲಿ ಏನು ಮಾತನಾಡಿದಿರೆಂದು ಕೇಳಲು ಬಂದವರು ಆ ಗುಂಪಿನಲ್ಲಿ ಎಷ್ಟು ಮಂದಿ? ಮದುವೆಗೆ ಬಾರದ ಶಾಸಕರನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಸಭೆಗೆ ಹೋಗದ ಶಾಸಕರನ್ನು ಮರೆಯುತ್ತೇವೆ. ಕೊಳ್ಳುವವರು ಕೇಳದ ಸರಕನ್ನು ಯಾವ ಅಂಗಡಿಯವನೂ ತರಿಸಿಡುವುದಿಲ್ಲ.

ಆದುದರಿಂದ ಕೇಳುವ ಅಭ್ಯಾಸ ಮನೆಯಲ್ಲಿಯೇ ಹುಟ್ಟಬೇಕು. ವಿಧಾನಸಭೆಯ ಪ್ರಶ್ನೋತ್ತರಗಳು ಇಂದು ಅದರ ಜಾಲತಾಣದಲ್ಲಿ ಕನ್ನಡದಲ್ಲಿಯೇ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗ, ಮಗಳು ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಅಜ್ಜನಿಗೋ ಅಜ್ಜಿಗೋ ಓದಿ ಹೇಳಬಹುದು. 1881ರ ಪ್ರತಿನಿಧಿಗಳು ದಿನಗಟ್ಟಲೆ ಗಾಡಿ ಹೊಡೆದುಕೊಂಡು ಹೋಗಿ ಕೇಳಿ ಬಂದ ಸುದ್ದಿ ಈಗ ಅಂಗೈಯಲ್ಲಿ ಬಂದು ಕುಳಿತಿದೆ. ತೆರೆದು ಓದುವವರು ಬೇಕು.

ಆ ದಿನ ಸಂಜೆ ಹಿಂದಿರುಗುವ ಬಸ್ಸಿಗೆ ಕಾಯುತ್ತಿದ್ದಾಗ ಅದೇ ವೃದ್ಧರು ಮತ್ತೆ ಸಿಕ್ಕಿದರು. ಬೆಳಗಿನ ಪ್ರಶ್ನೆಗೆ ಉತ್ತರ ಹುಡುಕಿ ಮುಂದಿನ ಸಲ ತರುತ್ತೇನೆಂದು ನಾನು ಮಾತು ಕೊಟ್ಟೆ. ಅವರು ನಕ್ಕು ಹೇಳಿದರು:

"ನೀವು ತಂದ್ರೆ ಸಂತೋಷ, ಮೇಷ್ಟ್ರೇ. ಆದ್ರೆ ಓಟು ನಾನು ನಿಮಗೆ ಹಾಕಿಲ್ಲವಲ್ಲ! ಯಾರಿಗೆ ಹಾಕಿದ್ನೋ ಅವರೇ ಬಂದು ಹೇಳಲಿ. ಇಲ್ಲ ಅಂತಾದ್ರೂ ಹೇಳಲಿ."

ಬಸ್ಸು ಬಂದಿತು. ಗುಡ್ಡದ ಮೇಲೆ ಒಂದು ಮೋಡ ನಿಂತಿತ್ತು. ವೃದ್ಧರು ಕಣ್ಣಿಗೆ ಕೈ ಅಡ್ಡವಿಟ್ಟು ಅದನ್ನು ನೋಡುತ್ತಿದ್ದರು.